ಹಂಪಿಯಲ್ಲಿ 1,140 ಫೋಟೊ ತೆಗೆದೆ, ಅಮ್ಮ ನಿಲ್ಲಿಸಿ ನೋಡಿದ್ದು ಒಂದು ಟಿಫಿನ್ ಡಬ್ಬಿಯನ್ನು

ಸಂಜೆಬಿಸಿಲು (ತುಮಕೂರು)
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಮೂರು ದಿನ ಹಂಪಿಗೆ ಹೋಗಿದ್ದೆವು. ಕ್ಯಾಮೆರಾ ಕೊಂಡು ಎಂಟು ತಿಂಗಳಾಯಿತು, ಇದೇ ಮೊದಲ ದೊಡ್ಡ ಪ್ರವಾಸ. ಒಟ್ಟು 1,140 ಫೋಟೊ ತೆಗೆದೆ. ಕಲ್ಲಿನ ರಥ, ಕಮಲ ಮಹಲ್, ಉಗ್ರನರಸಿಂಹ, ಮಾತಂಗ ಬೆಟ್ಟದ ಸೂರ್ಯೋದಯ, ಒಂದನ್ನೂ ಬಿಟ್ಟಿಲ್ಲ.

ಅಮ್ಮನಿಗೆ ಮಂಡಿ ನೋವು, ಅವರು ಬಂದಿರಲಿಲ್ಲ. ಊರಿಗೆ ಬಂದ ಮೇಲೆ ಟಿವಿಗೆ ಹಾಕಿ ತೋರಿಸಿದೆ. ರಥ ಬಂತು. "ಹೂಂ, ಐವತ್ತು ರೂಪಾಯಿ ನೋಟಿನಲ್ಲಿ ಇದೆಯಲ್ಲ" ಅಂದರು. ಸೂರ್ಯೋದಯ ಬಂತು. "ಚೆನ್ನಾಗಿದೆ, ಮುಂದೆ ಹೋಗು" ಅಂದರು. ತಳವಾರಘಟ್ಟದಲ್ಲಿ ಹೊಳೆ ದಾಟುವ ಮುಂಚೆ ತೆಗೆದ ಒಂದು ಫೋಟೊ ಬಂದಾಗ ಮಾತ್ರ "ತಡಿ ತಡಿ, ಅಲ್ಲೇ ಇಡು" ಅಂದರು.

ದಂಡೆಯ ಮೇಲೆ ಬೋರಲು ಹಾಕಿದ ಹರಿಗೋಲು. ಅದರ ನೆರಳಲ್ಲಿ ಎರಡು ಅಂತಸ್ತಿನ ಸ್ಟೀಲ್ ಟಿಫಿನ್ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಏನೋ ಕೊರೆದಿದೆ. ಹೆಸರು ಸವೆದು ಹೋಗಿದೆ, "ಗೃಹಪ್ರವೇಶದ ನೆನಪಿಗೆ" ಅನ್ನುವುದಷ್ಟೇ ಓದಲು ಬರುತ್ತದೆ. ಅಮ್ಮ ಅರ್ಧ ಗಂಟೆ ಅದರ ಮೇಲೇ ಮಾತಾಡಿದರು. ನಮ್ಮ ಮನೆ ಗೃಹಪ್ರವೇಶಕ್ಕೆ ಪಾತ್ರೆ ಅಂಗಡಿಯಲ್ಲಿ ಕೂತು 60 ಲೋಟಕ್ಕೆ ಹೆಸರು ಹಾಕಿಸಿದ್ದು, ಆ ಮಿಷನ್ನಿನ ಟರ್ರ್ ಸದ್ದು, ಅಪ್ಪನ ಇನಿಷಿಯಲ್ ತಪ್ಪಾಗಿ ಬಿದ್ದ ಒಂದು ಲೋಟ ಇವತ್ತಿಗೂ ನಮ್ಮ ಅಡುಗೆಮನೆಯಲ್ಲೇ ಇರುವುದು. ಆ ಲೋಟದ ಕತೆ ನನಗೆ ಗೊತ್ತೇ ಇರಲಿಲ್ಲ.

ಆ ಡಬ್ಬಿಯನ್ನು ನಾನು ಸುಮ್ನೆ, ಹರಿಗೋಲು ಬರುವವರೆಗೆ ಹೊತ್ತು ಕಳೆಯಲು ತೆಗೆದಿದ್ದೆ. ಇಂಥದನ್ನು ಬೇಕಂತಲೇ ನೋಡುವುದನ್ನು ಕಲಿಯಲು ಆಗುತ್ತದಾ? ನೀವೆಲ್ಲ ಹೇಗೆ ಮಾಡುತ್ತೀರಿ?

ಹೊಸಪೇಟೆ_ಹುಡುಗ
ಅಕ್ಕ, ನಮ್ಮೂರಿಗೆ ಬಂದು ಟಿಫಿನ್ ಡಬ್ಬಿ ಫೋಟೊ ತೆಗೆದುಕೊಂಡು ಹೋದ ಮೊದಲನೆಯವರು ನೀವೇ ಇರಬೇಕು. ಓದಿ ತುಂಬಾ ಖುಷಿಯಾಯಿತು.

ಲೆನ್ಸ್_ಲೋಕ
ಕಲಿಯಬಹುದು. ನನ್ನ ಉಪಾಯ ಬಹಳ ಸರಳ. ಪ್ರವಾಸದ ಒಂದು ದಿನ ಜೂಮ್ ಲೆನ್ಸ್ ರೂಮಿನಲ್ಲೇ ಬಿಟ್ಟುಬಿಡಿ. ಜೂಮ್ ಆಗದ ಒಂದೇ ಫಿಕ್ಸೆಡ್ ಲೆನ್ಸ್ ಹಾಕಿ. ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಿರುವ) ಕ್ಯಾಮೆರಾ ಆದರೆ 35 ಎಂಎಂ, ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಆದರೆ 50. ಇಡೀ ಗೋಪುರ ಅದರಲ್ಲಿ ಹಿಡಿಸುವುದಿಲ್ಲ, ದೂರದ್ದು ಹತ್ತಿರ ಬರುವುದಿಲ್ಲ. ಕಾಲಿಗೆ ಕೆಲಸ ಕೊಡಲೇಬೇಕು. ಹತ್ತಿರ ಹೋದಾಗ ಗೋಪುರದ ಬದಲು ಅದರ ಬಾಗಿಲಿನ ಹಿತ್ತಾಳೆ ಗುಬುಟು ಕಾಣುತ್ತದೆ.

ಮೊಬೈಲ್_ಸಾಕು
ಲೆನ್ಸ್ ಕೊಂಡರೆ ಕಣ್ಣು ಬರುತ್ತದೆ ಅನ್ನುವ ಹಾಗಿದೆ ನಿಮ್ಮ ಮಾತು. ನನ್ನ ಹತ್ತಿರ ಇರುವುದು ಫೋನ್ ಒಂದೇ. ಅದರಲ್ಲಿ ಒಳ್ಳೆ ಫೋಟೊ ಬಂದಿಲ್ಲವಾ?

ಲೆನ್ಸ್_ಲೋಕ
ನಾನು ಹೇಳಿದ್ದು ಲೆನ್ಸ್ ಬಿಟ್ಟು ಹೋಗಿ ಅಂತ, ಕೊಳ್ಳಿ ಅಂತ ಅಲ್ಲ. ಫೋನಿನಲ್ಲೂ ಇದೇ ಮಾತು. ಎರಡು ಬೆರಳಿನಲ್ಲಿ ಎಳೆದು ಜೂಮ್ ಮಾಡಬೇಡಿ, ನಡೆದು ಹೋಗಿ. ಇನ್ನೊಂದು ಮಾತು. ಬೆಳಕಿರುವ ಜಾಗವನ್ನು ಪರದೆಯ ಮೇಲೆ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಫೋನುಗಳು ನೆರಳನ್ನೆಲ್ಲ ಬೆಳ್ಳಗೆ ಮಾಡಿಬಿಡುತ್ತವೆ. ಮುಚ್ಚಳದ ಮೇಲಿನ ಆ ಚುಕ್ಕಿಗಳು ಕಾಣುವುದೇ ಒಂದೊಂದು ಚುಕ್ಕಿಗೂ ಅದರದೇ ಪುಟ್ಟ ನೆರಳು ಇರುವುದರಿಂದ. ನೆರಳು ಹೋದರೆ ಅಕ್ಷರವೂ ಹೋಯಿತು.

ಮೊಬೈಲ್_ಸಾಕು
ಸರಿ, ಇದನ್ನು ಒಪ್ಪಿದೆ. ಈಗಷ್ಟೇ ನಮ್ಮನೆ ತಟ್ಟೆಯ ಮೇಲೆ ಮಾಡಿ ನೋಡಿದೆ. ಕಿಟಕಿ ಪಕ್ಕ ಓರೆಯಾಗಿ ಇಟ್ಟರೆ ಅಕ್ಷರ ಎದ್ದು ಬರುತ್ತದೆ, ಟ್ಯೂಬ್‌ಲೈಟ್ ಕೆಳಗೆ ಇಟ್ಟರೆ ಮಾಯ.

ಕಲ್ಲುಬೆಂಚು
ಹಂಪಿಯ ಗ್ರಾನೈಟಿಗೂ ಇದೇ ಲೆಕ್ಕ. ಬೆಳಿಗ್ಗೆ ಏಳರಿಂದ ಎಂಟೂವರೆ, ಸಂಜೆ ನಾಲ್ಕೂವರೆ ನಂತರ ಬಿಸಿಲು ಓರೆಯಾಗಿ ಬೀಳುತ್ತದೆ. ಆಗ ಉಳಿಯ ಏಟು ಒಂದೊಂದೂ ಕಾಣುತ್ತದೆ. ಬಂಡೆಗಳಲ್ಲಿ ಸಾಲಾಗಿ ಚೌಕದ ತೂತುಗಳಿರುತ್ತವೆ, ಗಮನಿಸಿದ್ದೀರಾ? ಕಲ್ಲು ಸೀಳಲು ಬೆಣೆ ಹೊಡೆಯುತ್ತಿದ್ದ ಜಾಗ ಅವು. ಎಷ್ಟೋ ಬಂಡೆಗಳಲ್ಲಿ ತೂತು ಹೊಡೆದಿದ್ದಾರೆ, ಸೀಳಿಲ್ಲ. ಕೆಲಸ ಅರ್ಧಕ್ಕೇ ನಿಂತಿದೆ. ನನಗೆ ರಥಕ್ಕಿಂತ ಅದೇ ಜಾಸ್ತಿ ಇಷ್ಟ.

ಸಂಜೆಬಿಸಿಲು (ತುಮಕೂರು)
ಅಯ್ಯೋ, ಆ ತೂತುಗಳ ಪಕ್ಕದಲ್ಲೇ ಕೂತು ಊಟ ಮಾಡಿದ್ದೆವು. ಒಂದು ಫೋಟೊನೂ ಇಲ್ಲ.

ಮಲ್ಲಿಗೆ_ಮೈಸೂರು
ಈ ಮಾತಿಗೆ ನಮ್ಮೂರಿನ ಟಿ. ಎಸ್. ಸತ್ಯನ್ ಅವರನ್ನು ನೆನೆಯದೆ ಇರಲು ಆಗುವುದಿಲ್ಲ. 1923ರಲ್ಲಿ ಹುಟ್ಟಿದವರು, 2009ರಲ್ಲಿ ತೀರಿಕೊಂಡರು. ದೇಶದ ದೊಡ್ಡ ಸುದ್ದಿಚಿತ್ರಗಾರರಲ್ಲಿ ಒಬ್ಬರು, 1977ರಲ್ಲಿ ಪದ್ಮಶ್ರೀ ಬಂತು. ದೊಡ್ಡ ದೊಡ್ಡ ನಾಯಕರ ಚಿತ್ರ ತೆಗೆದರೂ ಅವರ ಮನಸ್ಸು ಇದ್ದದ್ದು ಸಾಮಾನ್ಯ ಜನರ ದಿನದ ಬದುಕಿನಲ್ಲಿ. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರು ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್‌ನವರು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಇಟ್ಟರು. ಅವರ ಚಿತ್ರ ಸಿಕ್ಕರೆ ಒಂದೊಂದನ್ನೇ ನಿಧಾನವಾಗಿ ನೋಡಿ. ಹಿಂದಿನ ಗೋಡೆ, ಮೂಲೆಯ ಚಪ್ಪಲಿ, ಎಲ್ಲವೂ ಮಾತಾಡುತ್ತವೆ.

ಕರಾವಳಿ_ಹೆಂಚು
ನಾನು ಆರು ವರ್ಷದಿಂದ ಎಲ್ಲಿ ಹೋದರೂ ಹೆಂಚಿನ ಫೋಟೊ ತೆಗೆಯುತ್ತೇನೆ. ಮನೆಯವರು ಮೊದಲು ಬೈಯುತ್ತಿದ್ದರು, ಈಗ ಅವರೇ ತೋರಿಸುತ್ತಾರೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಎಷ್ಟೋ ಜನ ಶುರು ಮಾಡಿದರು. ಪ್ರತಿ ಕಾರ್ಖಾನೆಯೂ ಹೆಂಚಿನ ಮೇಲೆ ತನ್ನ ಹೆಸರು, ಗುರುತು ಒತ್ತುತ್ತಿತ್ತು. ಒಂದರಲ್ಲಿ ಆನೆ, ಒಂದರಲ್ಲಿ ನಕ್ಷತ್ರ. ಮಾಡಿನ ಮೇಲೆ ಇರುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆ ಕೆಡವಿ ಹೆಂಚು ಕೆಳಗೆ ಜೋಡಿಸಿದಾಗಲೇ ಕಾಣುವುದು.

ಹೋದ ಮಳೆಗಾಲದಲ್ಲಿ ಒಂದು ಹಳೆ ಮನೆ ಬಿಚ್ಚುತ್ತಿದ್ದರು. ಒಂದು ಹೆಂಚಿನ ಮೇಲೆ ನಾಯಿಯ ಪಾದದ ಗುರುತು ಇತ್ತು. ಹಸಿ ಹೆಂಚು ಬಿಸಿಲಿಗೆ ಇಟ್ಟಾಗ ನಾಯಿ ಮೇಲೆ ನಡೆದು ಹೋಗಿದೆ. ಹಾಗೇ ಸುಟ್ಟಿದ್ದಾರೆ. ನಾಲ್ಕು ಬೆರಳು, ಉಗುರಿನ ಗೀರು ಕೂಡ ಇದೆ. ಮಳೆ ನೀರು ಆ ಹೆಜ್ಜೆಯಲ್ಲಿ ನಿಂತಿತ್ತು. ಅಷ್ಟು ಚೆಂದದ ಫೋಟೊ ನಾನು ಇನ್ನೊಂದು ತೆಗೆದಿಲ್ಲ.

ರೆಡ್‌ಆಕ್ಸೈಡ್_ನೆಲ
ನಾಯಿ ಹೆಜ್ಜೆಯ ಹೆಂಚು! ಇದನ್ನು ಕೇಳಿಯೇ ಮೈ ಜುಂ ಅಂದಿತು.
ನಾನು ಈಗ ಪೋರ್ಚುಗಲ್‌ನಲ್ಲಿ ಇದ್ದೇನೆ. ಲಿಸ್ಬನ್ನಿಗೆ ಬಂದವರೆಲ್ಲ ಮನೆಗಳ ಗೋಡೆಯ ನೀಲಿ ಬಿಳಿ ಟೈಲ್ಸ್ ಫೋಟೊ ತೆಗೆಯುತ್ತಾರೆ, ನಾನೂ ರಾಶಿ ತೆಗೆದೆ. ಒಂದು ದಿನ ಅನ್ನಿಸಿತು, ತಿಪಟೂರಿನ ಅಜ್ಜಿ ಮನೆಯ ರೆಡ್ ಆಕ್ಸೈಡ್ ನೆಲದ ಒಂದು ಫೋಟೊನಾದರೂ ನನ್ನ ಹತ್ತಿರ ಇದೆಯಾ? ಇಲ್ಲ. ಆ ನೆಲದ ಮೇಲೆ ಅಂಗಾತ ಮಲಗಿ ಬೇಸಿಗೆ ಕಳೆದವಳು ನಾನು. ಈಗ ಅಲ್ಲಿ ವಿಟ್ರಿಫೈಡ್ ಟೈಲ್ಸ್ ಹಾಕಿದ್ದಾರೆ.

ಜೋಳದರೊಟ್ಟಿ (ಕೊಪ್ಪಳ)
ಎಲ್ಲರೂ ಅಂದ ಚಂದ ಅಂತ ಹೇಳುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮವ್ವ ಸಂತೆಯಲ್ಲಿ ಸೊಪ್ಪು ಮಾರುತ್ತಾಳೆ. ನಾಲ್ಕು ವರ್ಷದ ಹಿಂದೆ ಯಾರೋ ಬಂದು ಅವಳ ಫೋಟೊ ತೆಗೆದರು. ಕೇಳಲಿಲ್ಲ. ಆಮೇಲೆ ಅದು ಫೋನಿನಿಂದ ಫೋನಿಗೆ ಹೋಗಿ ನಮ್ಮ ಓಣಿಗೇ ಬಂತು. ಅವ್ವನ ಕೈಯ ಬಿರುಕು, ಹರಿದ ಸೆರಗು, ಕೆಳಗೆ ದೊಡ್ಡ ದೊಡ್ಡ ಮಾತು. ಬಡತನ, ನೋವು ಅಂತೆಲ್ಲ. ಅವ್ವ ಅವತ್ತು ಸಂತೆಗೆ ಹಳೆ ಸೀರೆ ಉಟ್ಟು ಹೋಗಿದ್ದಳು, ಸೊಪ್ಪಿನ ನೀರು ಬೀಳುತ್ತದೆ ಅಂತ. ಮನೆಯಲ್ಲಿ ಒಳ್ಳೆ ಇಳಕಲ್ ಸೀರೆ ನಾಲ್ಕು ಇವೆ. "ಹೇಳಿದ್ದರೆ ಅದನ್ನಾದರೂ ಉಟ್ಟು ಹೋಗುತ್ತಿದ್ದೆ" ಅಂತ ಅತ್ತಳು. ಆಮೇಲೆ ಎರಡು ವಾರ ಸಂತೆಗೆ ಹೋಗಲಿಲ್ಲ.

ನಿಮಗೆ ಕಾಣುವ ಅಂದ ಇನ್ನೊಬ್ಬರ ಮನೆಯ ಮಾತು. ಕೇಳಿ ತೆಗೆಯಿರಿ.

ಸಂಜೆಬಿಸಿಲು (ತುಮಕೂರು)
ತಮ್ಮಾ, ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು. ನಾನೂ ಆ ಡಬ್ಬಿಯನ್ನು ಕೇಳದೇ ತೆಗೆದದ್ದು.

ನಡೆದಾಡಿ
ಜೋಳದರೊಟ್ಟಿಯವರ ನೋವು ಅರ್ಥವಾಗುತ್ತದೆ. ಆದರೂ ಒಂದು ಪ್ರಶ್ನೆ. ಕೇಳಿದರೆ ಜನ ನೆಟ್ಟಗೆ ನಿಂತು ಬಿಡುತ್ತಾರೆ, ಆ ಗಳಿಗೆ ಹೋಗುತ್ತದೆ. ಬೀದಿಯ ಫೋಟೊಗ್ರಫಿ ನಿಂತಿರುವುದೇ ಆ ಗಳಿಗೆಯ ಮೇಲೆ. ಎಲ್ಲರನ್ನೂ ಕೇಳುತ್ತಾ ಹೋದರೆ ನಾವು ಮೇಲೆ ನೆನೆದ ಹಿರಿಯರ ಎಷ್ಟೋ ಚಿತ್ರಗಳು ಇರುತ್ತಲೇ ಇರಲಿಲ್ಲ ಅಲ್ವಾ?

ಜೋಳದರೊಟ್ಟಿ (ಕೊಪ್ಪಳ)
ಅವರ ಕಾಲದಲ್ಲಿ ಫೋಟೊ ಪತ್ರಿಕೆಯಲ್ಲಿ ಬರುತ್ತಿತ್ತು. ಈಗ ಸಂಜೆಯೊಳಗೆ ಓಣಿಗೆ ಬರುತ್ತದೆ. ಎರಡೂ ಒಂದೇ ಅಲ್ಲ.

ಮಲ್ಲಿಗೆ_ಮೈಸೂರು
ನಡೆದಾಡಿಯವರೇ, ಗಳಿಗೆ ಹೋದರೆ ಹೋಗಲಿ. ನಾನು ದೇವರಾಜ ಮಾರುಕಟ್ಟೆಗೆ ವಾರಕ್ಕೊಮ್ಮೆ ಹೋಗುತ್ತೇನೆ. ಮೊದಲ ಮೂರು ವಾರ ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ. ಹೂ ಕೊಂಡೆ, ಮಾತಾಡಿದೆ. ನಾಲ್ಕನೇ ವಾರ ಹೂ ಕಟ್ಟುವ ಅಜ್ಜ ಅವರೇ "ಏನಮ್ಮ, ಚೀಲದಲ್ಲಿ ಏನದು?" ಅಂತ ಕೇಳಿದರು. ಆಮೇಲೆ ಅವರು ನನ್ನ ಕಡೆ ನೋಡುವುದನ್ನೇ ಬಿಟ್ಟರು. ಬಾಳೆನಾರನ್ನು ಹೆಬ್ಬೆರಳಿಗೆ ಸುತ್ತಿ ಮಲ್ಲಿಗೆ ಕಟ್ಟುವ ಕೈ ನನಗೆ ಸಿಕ್ಕಿದ್ದು ಹಾಗೆ. ಕೇಳಿದ ಮೇಲೂ ಗಳಿಗೆ ಸಿಗುತ್ತದೆ, ಹೊತ್ತು ಕೊಡಬೇಕು ಅಷ್ಟೇ.

ನಡೆದಾಡಿ
ಪ್ರವಾಸದಲ್ಲಿ ನಾಲ್ಕು ವಾರ ಎಲ್ಲಿಂದ ತರೋಣ ಹೇಳಿ? ಬಸ್ಸು ಹತ್ತು ನಿಮಿಷ ನಿಲ್ಲಿಸುತ್ತಾನೆ.

ಮಲ್ಲಿಗೆ_ಮೈಸೂರು
ಹತ್ತು ನಿಮಿಷದಲ್ಲಿ ಒಂದು ಟೀ ಕುಡಿಯಬಹುದು. ಟೀ ಕೊಟ್ಟವರ ಜೊತೆ ಎರಡು ಮಾತಾಡಬಹುದು. ನಾಲ್ಕು ಜಾಗ ನೋಡುವ ಕಡೆ ಎರಡು ನೋಡಿದರೆ ಹೊತ್ತು ತಾನಾಗಿ ಸಿಗುತ್ತದೆ.

ಬೆಳಕಿಂಡಿ
ವಿಷಯ ಸ್ವಲ್ಪ ಬದಲಿಸುತ್ತೇನೆ. ಹಂಪಿ ಅಂದ ಮೇಲೆ ಯಾರೂ ಇದನ್ನು ಹೇಳಲಿಲ್ಲವಲ್ಲ! ವಿರೂಪಾಕ್ಷ ಗುಡಿಯಲ್ಲಿ ಗರ್ಭಗುಡಿಯ ಹಿಂದಿನ ಕತ್ತಲೆ ಕೋಣೆಗೆ ಹೋದಿರಾ? ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರು ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುತ್ತದೆ. ಇಡೀ ಗುಡಿಯೇ ಕ್ಯಾಮೆರಾ, ನಾವು ಅದರ ಒಳಗೆ ನಿಂತಿರುತ್ತೇವೆ.

ಹೆಮ್ಮೆಯ_ಕನ್ನಡಿಗ
ಅದಕ್ಕೇ ಹೇಳುವುದು, ಕ್ಯಾಮೆರಾ ಮೊದಲು ಕಂಡುಹಿಡಿದದ್ದು ನಮ್ಮವರೇ!

ಬೆಳಕಿಂಡಿ
ಅಷ್ಟು ದೂರ ಹೋಗುವುದು ಬೇಡ ಅಣ್ಣ. ಬೆಳಕು ನೇರ ದಾರಿಯಲ್ಲಿ ಹೋಗುತ್ತದೆ. ಗೋಪುರದ ತುದಿಯ ಬೆಳಕು ಕಿಂಡಿಯಲ್ಲಿ ತೂರಿ ಕೆಳಗೆ ಬೀಳುತ್ತದೆ, ಬುಡದ ಬೆಳಕು ಮೇಲೆ ಬೀಳುತ್ತದೆ. ಕತ್ತಲೆ ಕೋಣೆ, ಸಣ್ಣ ತೂತು, ಹೊರಗೆ ಬಿಸಿಲು ಇದ್ದರೆ ಎಲ್ಲಿ ಬೇಕಾದರೂ ಹೀಗೇ ಆಗುತ್ತದೆ. ನಿಮ್ಮ ಮಲಗುವ ಕೋಣೆಯ ಕಿಟಕಿಗೆ ರಟ್ಟು ಮುಚ್ಚಿ ಒಂದು ತೂತು ಮಾಡಿ, ಎದುರು ಮನೆ ತಲೆಕೆಳಗಾಗಿ ನಿಮ್ಮ ಗೋಡೆಗೆ ಬರುತ್ತದೆ. ಗುಡಿಯಲ್ಲಿ ನಮ್ಮ ಹಿರಿಯರು ಅದನ್ನು ಗಮನಿಸಿ, ಇನ್ನೊಬ್ಬರಿಗೆ ತೋರಿಸಿ, ಉಳಿಸಿಕೊಂಡು ಬಂದರಲ್ಲ, ನನಗೆ ಹೆಮ್ಮೆ ಅದರ ಬಗ್ಗೆ.

ಹಳೆ ಹೆಂಚಿನ ಮನೆಗಳಲ್ಲಿ ನೆಲದ ಮೇಲೆ ದುಂಡು ದುಂಡು ಬಿಸಿಲ ಬಿಲ್ಲೆ ಬೀಳುತ್ತಿತ್ತಲ್ಲ, ತೂತು ಯಾವ ಆಕಾರದಲ್ಲಿ ಇದ್ದರೂ ಬಿಲ್ಲೆ ದುಂಡಗೇ ಯಾಕೆ? ಅದು ತೂತಿನ ಆಕಾರ ಅಲ್ಲ, ಸೂರ್ಯನ ಚಿತ್ರ! 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನ ನಾನು ಬೆಂಗಳೂರಿನಲ್ಲಿದ್ದೆ. ಹೊಂಗೆ ಮರದ ಕೆಳಗೆ ನೋಡಿದರೆ ಸಿಮೆಂಟಿನ ಮೇಲೆ ನೂರಾರು ಪುಟ್ಟ ಬಿದಿಗೆ ಚಂದ್ರರು. ಎಲೆಗಳ ಸಂದಿಯಲ್ಲಿ ತೂರಿ ಬಂದ ಸೂರ್ಯರು ಅವು. ಎಲ್ಲರೂ ಕಪ್ಪು ಕನ್ನಡಕ ಹಾಕಿ ಮೇಲೆ ನೋಡುತ್ತಿದ್ದರು. ನಾನು ನೆಲದ ಫೋಟೊ ತೆಗೆದೆ.

ಕರಾವಳಿ_ಹೆಂಚು
ನಮ್ಮ ಮಂಗಳೂರು ಕಡೆ ಅವತ್ತು ಬಳೆಯ ಹಾಗೇ ಕಂಡಿತ್ತು! ನಾನು ನೆಲ ನೋಡಲೇ ಇಲ್ಲ. ಈಗ ಹೊಟ್ಟೆ ಉರಿಯುತ್ತಿದೆ.

ಹೆಮ್ಮೆಯ_ಕನ್ನಡಿಗ
ಬೆಳಕಿಂಡಿಯವರೇ, ರಟ್ಟು ಕಟ್ಟಿ ತೂತು ಮಾಡಿದೆ. ಎದುರು ಮನೆಯ ನೀರಿನ ಟ್ಯಾಂಕ್ ನಮ್ಮ ಗೋಡೆಯ ಮೇಲೆ ಉಲ್ಟಾ ನಿಂತಿದೆ. ಮಗಳು ಕೋಣೆಯಿಂದ ಹೊರಗೇ ಬರುತ್ತಿಲ್ಲ. ಧನ್ಯವಾದ.

ಕಲ್ಲುಬೆಂಚು
ಹಳೆ ಫೋಟೊ ಮಾತು ಬಂದಿದ್ದಕ್ಕೆ ಇದು. 1856ರ ಹೊತ್ತಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ನಲ್ಲಿ ಹಂಪಿಯ ಫೋಟೊ ತೆಗೆದಿದ್ದಾನೆ. ಅದರಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಇಲ್ಲ, ಆಮೇಲೆ ತೆಗೆದರು. ರಥ ಸದಾ ಹೀಗೇ ಇತ್ತು ಅಂದುಕೊಂಡಿರುತ್ತೇವೆ, ಅದೂ ಬದಲಾಗಿದೆ. ಆ ಕಾಲದ ಕಾಗದದ ನೆಗೆಟಿವ್‌ಗೆ ಬಹಳ ಹೊತ್ತು ಬೆಳಕು ಬೇಕಿತ್ತು, ನಡೆದಾಡುವವರು ಅದರಲ್ಲಿ ಮೂಡುವುದೇ ಕಷ್ಟ. ಕಲ್ಲು ಉಳಿಯಿತು, ಬೀದಿಯಲ್ಲಿ ಹೋಗುತ್ತಿದ್ದವರು ಉಳಿಯಲಿಲ್ಲ.

ಹೊಸಪೇಟೆ_ಹುಡುಗ
ಅಣ್ಣ, ಅಷ್ಟು ಹಿಂದೆ ಯಾಕೆ ಹೋಗುತ್ತೀರಿ? 2011ರಲ್ಲಿ ಹಂಪಿ ಬಜಾರಿನ ಅಂಗಡಿ, ಮನೆಗಳನ್ನು ತೆರವು ಮಾಡಿದರು. ಸ್ಮಾರಕ ಉಳಿಸಲು ಅಂದರು, ಅದರ ಸರಿ ತಪ್ಪು ಇಲ್ಲಿ ಎತ್ತುವುದಿಲ್ಲ. ನಾನಾಗ ಹೈಸ್ಕೂಲು. ಕಂಬದ ಸಾಲಿಗೆ ತಗುಲಿ ಒಂದು ಅಂಗಡಿ ಇತ್ತು, ನನ್ನ ಗೆಳೆಯನ ಅಪ್ಪನದು. ಶಾಲೆ ಬಿಟ್ಟ ಮೇಲೆ ಅಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದೆವು. ಕಲ್ಲಿನ ಕಂಬಕ್ಕೆ ಮೊಳೆ ಹೊಡೆಯಲು ಆಗುವುದಿಲ್ಲ, ಅದಕ್ಕೆ ಅವರು ಹಗ್ಗ ಸುತ್ತಿ ಕ್ಯಾಲೆಂಡರ್ ತೂಗು ಹಾಕುತ್ತಿದ್ದರು. ಹಗ್ಗ ಉಜ್ಜಿ ಉಜ್ಜಿ ಕಂಬದ ಮೇಲೆ ಒಂದು ನುಣುಪಾದ ಗೆರೆ ಬಿದ್ದಿತ್ತು.

ವಿರೂಪಾಕ್ಷ ಗೋಪುರದ ಫೋಟೊ ಕೋಟಿ ಸಿಗುತ್ತದೆ. ಆ ಅಂಗಡಿಯ ಫೋಟೊ ನನ್ನ ಗೆಳೆಯನ ಮನೆಯಲ್ಲೂ ಇಲ್ಲ. ಅವತ್ತು ಯಾರೋ ಒಬ್ಬ ಪ್ರವಾಸಿ ಅಕ್ಕನ ಹಾಗೆ ಸುಮ್ನೆ ಹೊತ್ತು ಕಳೆಯಲು ತೆಗೆದಿದ್ದರೆ ಎಷ್ಟು ಚೆನ್ನಾಗಿತ್ತು! ಯಾರ ಹತ್ತಿರವಾದರೂ 2011ಕ್ಕೂ ಮುಂಚಿನ ಬಜಾರಿನ ಫೋಟೊ ಇದ್ದರೆ ದಯವಿಟ್ಟು ಹಿಂದುಗಡೆ ಏನಿದೆ ನೋಡಿ. ನೀಲಿ ಬಾಗಿಲು, ಎಡಗಡೆ ಸೋಡಾ ಬಾಟಲಿಯ ಕ್ರೇಟು.

ರೆಡ್‌ಆಕ್ಸೈಡ್_ನೆಲ
ನಾವು 2008ರಲ್ಲಿ ಕಾಲೇಜಿನಿಂದ ಹೋಗಿದ್ದೆವು. ಸಿಡಿಯಲ್ಲಿ ಇದೆ, ಅಣ್ಣನ ಮನೆಯಲ್ಲಿ. ಇವತ್ತೇ ಹುಡುಕಿಸುತ್ತೇನೆ.

ಮೊಬೈಲ್_ಸಾಕು
ಮಂಡಕ್ಕಿ ಒಗ್ಗರಣೆಗೆ ಹುರಿಗಡಲೆ ಪುಡಿ ಹಾಕುತ್ತಾರೋ ಇಲ್ಲವೋ? ನಮ್ಮ ದಾವಣಗೆರೆಯಲ್ಲಿ ಹಾಕದೇ ಬಿಡುವುದಿಲ್ಲ.

ಹೊಸಪೇಟೆ_ಹುಡುಗ
ಹಾಕುತ್ತಾರೆ, ಮೇಲಿಂದ ಉದುರಿಸುತ್ತಾರೆ. ಮಿರ್ಚಿ ವಿಷಯಕ್ಕೆ ದಾವಣಗೆರೆಯವರ ಜೊತೆ ಜಗಳ ಬೇಡ, ಇಡೀ ದಿನ ಹೋಗುತ್ತದೆ.

ಲೆನ್ಸ್_ಲೋಕ
ಹಂಪಿಗೆ ಹೋಗುವವರಿಗೆ ಒಂದು ಜಾಗ ಹೇಳುತ್ತೇನೆ. ವಿಜಯನಗರ ಕಾಲದ ತುರ್ತು ಕಾಲುವೆ ಇವತ್ತಿಗೂ ಗದ್ದೆ, ಬಾಳೆ ತೋಟಕ್ಕೆ ನೀರು ಕೊಡುತ್ತಿದೆ. ಸ್ಮಾರಕ ಅಂತ ಬೋರ್ಡು ಹಾಕಿದ ಕಡೆ ಎಲ್ಲರೂ ಹೋಗುತ್ತಾರೆ. ಇದು ಕೆಲಸ ಮಾಡುತ್ತಿರುವ ಸ್ಮಾರಕ. ದಂಡೆಯ ಮೇಲೆ ಬೆಳಿಗ್ಗೆ ಒಂದು ಗಂಟೆ ನಡೆಯಿರಿ. ಬಾಳೆ ಎಲೆಯ ಮೇಲಿನ ಇಬ್ಬನಿ, ಮಡೆ ಕಟ್ಟಲು ಇಟ್ಟ ಹುಲ್ಲಿನ ಸಿವುಡು, ಗುದ್ದಲಿಗೆ ಅಂಟಿದ ಕೆಂಪು ಮಣ್ಣು. ಬಟ್ಟೆ ಒಗೆಯುವವರು, ಸ್ನಾನ ಮಾಡುವವರು ಇದ್ದರೆ ಕ್ಯಾಮೆರಾ ಕೆಳಗೆ ಇಡಿ. ಜೋಳದರೊಟ್ಟಿಯವರ ಮಾತು ನನಗೂ ತಟ್ಟಿದೆ.

ಸಂಜೆಬಿಸಿಲು (ತುಮಕೂರು)
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.

ಜೋಳದರೊಟ್ಟಿಯವರ ಮಾತು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಹರಿಗೋಲಿನವರಿಗೆ ಫೋನಿನಲ್ಲೇ ದುಡ್ಡು ಕಳಿಸಿದ್ದರಿಂದ ನಂಬರ್ ಇತ್ತು. ಹೆದರಿಕೊಂಡೇ ಫೋನ್ ಮಾಡಿದೆ. ನಿಮ್ಮ ಡಬ್ಬಿಯ ಫೋಟೊ ನಿಮ್ಮನ್ನು ಕೇಳದೇ ತೆಗೆದೆ, ನಮ್ಮಮ್ಮ ಅದನ್ನು ನೋಡಿ ಹೀಗೆಲ್ಲ ಹೇಳಿದರು ಅಂದೆ. ಅವರಿಗೆ ಮೊದಲು ನಾನು ಏನು ಹೇಳುತ್ತಿದ್ದೇನೆ ಅಂತಲೇ ತಿಳಿಯಲಿಲ್ಲ. ಆಮೇಲೆ ಜೋರಾಗಿ ನಕ್ಕರು. ಆ ಡಬ್ಬಿ ಗಂಗಾವತಿಯಲ್ಲಿರುವ ಅವರ ಅಕ್ಕನ ಮನೆ ಗೃಹಪ್ರವೇಶದ್ದಂತೆ. ಅಕ್ಕ ಈಗ ಇಲ್ಲ, ತೀರಿಕೊಂಡು ಎರಡು ವರ್ಷ ಆಯಿತಂತೆ. "ಸವೆದಿರೋದು ಅಕ್ಕ ಭಾವನ ಹೆಸರು ನೋಡಮ್ಮ, ದಿನಾ ಬೂದಿ ಹಾಕಿ ತಿಕ್ಕಿ ತಿಕ್ಕಿ ಹೋಗಿದೆ" ಅಂದರು.

ಪ್ರಿಂಟ್ ಹಾಕಿಸಿ ಕಳಿಸುತ್ತೇನೆ ಅಂದೆ. ಕಳಿಸಿ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಂದೂ ಒಂದು ತೆಗೆದಿದ್ರೆ ಅದನ್ನೂ ಹಾಕಿಸಿ" ಅಂದರು.

ರಾತ್ರಿ ಕೂತು 1,140 ಫೋಟೊ ಒಂದೊಂದೇ ನೋಡಿದೆ. ಹರಿಗೋಲಿನದು 31 ಇವೆ. ಒಂದರಲ್ಲಿ ಹುಟ್ಟು ಹಿಡಿದ ಅವರ ಕೈ, ಮೊಣಕೈವರೆಗೆ. ಇನ್ನೊಂದರಲ್ಲಿ ನೀರಿನ ಮೇಲೆ ಅವರ ನೆರಳು. ಮುಖ ಒಂದರಲ್ಲೂ ಇಲ್ಲ. ಇಪ್ಪತ್ತು ನಿಮಿಷ ಎದುರಿಗೇ ಕೂತಿದ್ದೆ.

ಅಮ್ಮನ ಮಂಡಿ ಈಗ ಪರವಾಗಿಲ್ಲ. ಯುಗಾದಿ ಕಳೆದ ಮೇಲೆ ಅವರನ್ನೂ ಕರೆದುಕೊಂಡು ಹೋಗುತ್ತೇನೆ. ತಪ್ಪು ಇನಿಷಿಯಲ್‌ನ ಆ ಲೋಟವನ್ನು ಹರಿಗೋಲಿನವರಿಗೆ ತೋರಿಸಬೇಕಂತೆ, ಅಮ್ಮ ಈಗಲೇ ತೊಳೆದು ಇಟ್ಟಿದ್ದಾರೆ.

ಒಂದು ಸಹಾಯ ಬೇಕು. ಡಬ್ಬಿಯ ಫೋಟೊ ಯಾವ ಸೈಜಿನಲ್ಲಿ ಹಾಕಿಸಲಿ?

ಲೆನ್ಸ್_ಲೋಕ
8x12, ಮ್ಯಾಟ್ ಪೇಪರ್. ಗ್ಲಾಸಿ ಬೇಡ, ಸ್ಟೀಲಿನ ಹೊಳಪಿನ ಜೊತೆ ಕಾಗದದ ಹೊಳಪೂ ಸೇರಿ ಅಕ್ಷರ ಕಾಣುವುದಿಲ್ಲ. ಸ್ಟುಡಿಯೋದವರಿಗೆ ಬ್ರೈಟ್‌ನೆಸ್ ಮುಟ್ಟಬೇಡಿ ಅಂತ ಮೊದಲೇ ಹೇಳಿ. ನನ್ನ ಒಂದು ಫೋಟೊವನ್ನು ಹಾಗೇ ಬೆಳ್ಳಗೆ ಮಾಡಿ ಹಾಳು ಮಾಡಿದ್ದಾರೆ.

ಜೋಳದರೊಟ್ಟಿ (ಕೊಪ್ಪಳ)
ಅಕ್ಕಾ, ಫೋನ್ ಮಾಡಿದ್ದಕ್ಕೆ ದೊಡ್ಡ ನಮಸ್ಕಾರ. ಬಂದಾಗ ಕೊಪ್ಪಳಕ್ಕೂ ಬನ್ನಿ. ಅವ್ವನಿಗೆ ಹೇಳಿದ್ದೇನೆ. ಇಳಕಲ್ ಸೀರೆ ಉಡುತ್ತಾಳಂತೆ, ಸೊಪ್ಪಿನ ಬುಟ್ಟಿ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಾಳಂತೆ.

ರೆಡ್‌ಆಕ್ಸೈಡ್_ನೆಲ
ಹೊಸಪೇಟೆ ಹುಡುಗ, ಸಿಡಿ ಸಿಕ್ಕಿತು. ಅರ್ಧ ಓಪನ್ ಆಗುತ್ತಿಲ್ಲ. ಒಂದು ಫೋಟೊದಲ್ಲಿ ನನ್ನ ಗೆಳತಿಯರ ಹಿಂದೆ ನೀಲಿ ಬಾಗಿಲು ಇದೆ. ಕ್ರೇಟು ಕಾಣುತ್ತಿಲ್ಲ, ಆದರೆ ಕಂಬಕ್ಕೆ ಹಗ್ಗ ಸುತ್ತಿದೆ. ನಿಮಗೆ ಕಳಿಸಿದ್ದೇನೆ, ನೋಡಿ ಹೇಳಿ.

ಹೊಸಪೇಟೆ_ಹುಡುಗ
ಅದೇ. ಗೆಳೆಯನ ಮನೆಗೆ ಹೊರಟಿದ್ದೇನೆ.